ನಾಕರಾಗ ಒಂದು

ಟೊಮ್ಯಾಟೊ ಗಿಡದ ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿ ನೋಡಿದ್ದೀರಾ? ಹಣ್ಣಿನ ವಾಸನೆ ಬೇರೆ, ಎಲೆಯದು ಬೇರೆ. ಎಲೆಗೆ ಒಂದು ಹಸಿ ಘಾಟು ಇರುತ್ತದೆ. ಬೆರಳಿಗೆ ಹತ್ತಿದ ಹಸಿರು ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ, ಸಾಬೂನು ಹಚ್ಚಿದರೆ ಹಳದಿ ನೊರೆ ಬಿಡುತ್ತದೆ. ಮೊನ್ನೆ ಗಂಗಾವತಿಯ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಒಬ್ಬಾಕೆ ಆಗಷ್ಟೇ ಹೊಲದಿಂದ ತಂದ ಬುಟ್ಟಿಯನ್ನು ಗೋಣಿಚೀಲದ ಮೇಲೆ ಸುರುವುತ್ತಿದ್ದಳು. ಹಣ್ಣಿನ ಜೊತೆ ನಾಲ್ಕು ಎಲೆಯೂ ಉದುರಿದವು. ನಾನು ಒಂದನ್ನು ಎತ್ತಿ, ಹೊಸಕಿ, ಮೂಗಿಗೆ ಹಿಡಿದು ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ.

“ಟೀಚರ್ರ, ಟಮಾಟಿ ಒಯ್ತೀರೋ, ಬರೇ ವಾಸನಿ ತಗೊಂಡ ಹೋಗ್ತೀರೋ?” ಎಂದಳು ಆಕೆ.

ಸುತ್ತಲಿನವರು ನಕ್ಕರು. ಮರ್ಯಾದೆ ಉಳಿಸಿಕೊಳ್ಳಲು ಎರಡು ಕೆಜಿ ತೂಗಿಸಿಕೊಂಡೆ. ಮನೆಯಲ್ಲಿ ಆಗಲೇ ಎರಡು ಕೆಜಿ ಇದ್ದವು. ಈ ವಾರವಿಡೀ ನಮ್ಮ ಮನೆಯಲ್ಲಿ ಟೊಮ್ಯಾಟೊ ಸಾರು, ಟೊಮ್ಯಾಟೊ ಚಟ್ನಿ.

ಒಂದು ಎಲೆ ನನ್ನನ್ನು ಹಾಗೆ ಹಿಡಿದು ನಿಲ್ಲಿಸಿದ್ದಕ್ಕೆ ಕಾರಣವಿದೆ. ಎರಡು ದಿನದಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿತ್ತು, ಅದಕ್ಕೆ ಬುಧವಾರ ಸಂಜೆಯೊಳಗೆ ಉತ್ತರ ಕೊಡಬೇಕಿತ್ತು. ಪ್ರಶ್ನೆ ನನ್ನ ಮಗಳದು. ಮಗಳದು ಎಂದರೆ ಅವಳು ಕೇಳಿದ್ದಲ್ಲ, ಅವಳ ಬಗ್ಗೆ ಬೇರೆಯವರು ಕೇಳಿದ್ದು.

ಮಗಳು ಪವಿತ್ರಾ. ಇಪ್ಪತ್ನಾಲ್ಕು ವಯಸ್ಸು. ಊರ ಹೊರಗಿನ ಒಂದು ಅಕ್ಕಿ ಮಿಲ್ಲಿನಲ್ಲಿ ಸ್ಯಾಂಪಲ್ ನೋಡುವ ಕೆಲಸ. ಒಂದು ಹಿಡಿ ಅಕ್ಕಿಯನ್ನು ಕರಿ ತಟ್ಟೆಯ ಮೇಲೆ ಹರಡಿ ಇದು ಯಾವ ತಳಿ, ನುಚ್ಚು ಎಷ್ಟು, ಯಾವುದರ ಜೊತೆ ಯಾವುದು ಬೆರೆತಿದೆ ಎಂದು ಹೇಳುತ್ತಾಳೆ. ಐದನೆಯ ವರ್ಷಕ್ಕೆ ಅವಳಿಗೆ ಆಟಿಸಂ ಇದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಮಿಕ್ಸರ್ ಸದ್ದು ಅವಳಿಗೆ ಆಗದು. ಫೋನ್ ಎತ್ತುವುದಿಲ್ಲ. ಅಂಚು ಮುಕ್ಕಾದ ಒಂದೇ ತಾಟಿನಲ್ಲಿ ಉಣ್ಣುತ್ತಾಳೆ, ಅದನ್ನು ಬದಲಿಸಲು ಹೋಗಿ ನಾನು ಮೂರು ಸಲ ಸೋತಿದ್ದೇನೆ. ಅವಳ ಮನಸ್ಸಿನಲ್ಲಿ ಇದ್ದದ್ದು ಬಾಯಿಗೆ ಬರುತ್ತದೆ. ಇಲ್ಲದ್ದನ್ನು ಬರಿಸಲು ಯಾರಿಂದಲೂ ಆಗಿಲ್ಲ.

ಅದೇ ಮಿಲ್ಲಿನಲ್ಲಿ ಲಾರಿ ತೂಗುವ ಕಾಟಾದ ಮೇಲೆ ಮಂಜುನಾಥ ಎಂಬ ಹುಡುಗ ಕೂರುತ್ತಾನೆ. ಎರಡು ವರ್ಷದಿಂದ ಇಬ್ಬರೂ ಒಂದೇ ಬೆಂಚಿನ ಮೇಲೆ ಬುತ್ತಿ ಬಿಚ್ಚುತ್ತಾರೆ. ಅವನ ಬಗ್ಗೆ ಕೇಳಿದರೆ, “ಅವ ಉಣ್ಣೂ ಮುಂದ ಮಾತಾಡಂಗಿಲ್ಲ” ಎನ್ನುತ್ತಾಳೆ. ಅವಳ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಹೋದ ತಿಂಗಳು ಒಂದು ಸಂಜೆ, ಭತ್ತದಲ್ಲಿ ಹಸಿ ಎಷ್ಟಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು: “ಮಂಜುನಾಥ ನನ್ನ ಲಗ್ನ ಆಗ್ತೀನಂದ. ನಾ ಹ್ಞೂಂ ಅಂದೀನಿ. ಇನ್ನೊಂದು ರೊಟ್ಟಿ ಹಾಕು.”

ರೊಟ್ಟಿ ಹಾಕಿದೆ. ಮುನಿರಾಬಾದಿನ ನೀರಾವರಿ ಆಫೀಸಿನಲ್ಲಿ ಮೂವತ್ತು ವರ್ಷ ಫೈಲು ತಿರುವಿ ಯಾವುದಕ್ಕೂ ಬೆರಗಾಗದ ನನ್ನ ಗಂಡ ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟರು.

ಹುಡುಗನಿಗೆ ತಂದೆಯಿಲ್ಲ. ತಾಯಿ ಕೊಪ್ಪಳದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅವನನ್ನು ಸಾಕಿದಾಕೆ. ಆಕೆ ಹೇಳಿ ಕಳಿಸಿದ್ದು ಇಷ್ಟು: ಲಗ್ನಕ್ಕೆ ನನ್ನ ಅಡ್ಡಿ ಇಲ್ಲ, ಒಂದೇ ಮಾತು ಕೇಳಬೇಕು, ನಾಳೆ ಮಕ್ಕಳಾದರೆ ಅವೂ ಹಾಗೇ ಆಗುತ್ತವೆಯೇನು? ಬೀಗತಿ ಸೈನ್ಸ್ ಟೀಚರ್ ಅಂತೆ, ಅವರೇ ಹೇಳಲಿ. ಬುಧವಾರ ಫೋನ್ ಮಾಡುತ್ತೇನೆ.

ಇದರಲ್ಲಿ ಸಿಟ್ಟಾಗುವಂಥದ್ದು ಏನೂ ಇರಲಿಲ್ಲ. ಒಬ್ಬಳೇ ಮಗನನ್ನು ಬೆಳೆಸಿದಾಕೆ ಕೇಳಬೇಕಾದ ಮಾತೇ ಅದು. ಆದರೂ ನಾನು ಹೆದರಿದೆ. ಯಾಕೆಂದರೆ ಇದೇ ಪ್ರಶ್ನೆಯನ್ನು, ಹೆಚ್ಚು ಕಡಿಮೆ ಇದೇ ಮಾತಿನಲ್ಲಿ, ನನ್ನನ್ನು ಇಪ್ಪತ್ತೇಳು ವರ್ಷದ ಹಿಂದೆ ಒಮ್ಮೆ ಕೇಳಿದ್ದರು. ಆಗ ಅದು ನನ್ನ ಸೋದರಮಾವನ ಬಗ್ಗೆ. ಆಗ ನಾನು ಉತ್ತರ ಹೇಳಿದ್ದೆ.

ಹುಲಗಪ್ಪಮಾವ ನನ್ನ ಅವ್ವನ ಕೊನೆಯ ತಮ್ಮ, ನನಗಿಂತ ಒಂಬತ್ತು ವರ್ಷ ದೊಡ್ಡವನು. ಹುಲಿಗೆಮ್ಮನಿಗೆ ಹರಕೆ ಹೊತ್ತು ಹುಟ್ಟಿದವನೆಂದು ಆ ಹೆಸರು. ಯಲಬುರ್ಗಾದ ಆಚೆಯ ನಮ್ಮೂರಿನಲ್ಲಿ ಹೈಸ್ಕೂಲು ಇರಲಿಲ್ಲವೆಂದು ನನ್ನನ್ನು ಕುಷ್ಟಗಿ ತಾಲ್ಲೂಕಿನ ಅವ್ವನ ತವರಿಗೆ ತಂದು ಬಿಟ್ಟಿದ್ದರು. ಅವ್ವನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ, ದೊಡ್ಡಮಾವ, ಹುಲಗಪ್ಪಮಾವ, ನಾನು. ಮನೆಯಲ್ಲಿ ಪುಸ್ತಕ ಎಂಬುದು ನನ್ನ ಜೊತೆ ಬಂದದ್ದೇ ಮೊದಲು.

ಮಾವ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಬಂದವರನ್ನು ಕ್ಷೇಮ ಕೇಳುವ ಬದಲು “ಯಾವ ಬಸ್ಸಿಗೆ ಬಂದ್ರಿ?” ಎನ್ನುತ್ತಿದ್ದ. ಅವರು ಹೇಳಿದರೆ, “ಅದು ಇವತ್ತ ಏಳು ನಿಮಿಷ ತಡ” ಎನ್ನುತ್ತಿದ್ದ. ಅಲ್ಲಿಗೆ ಅವನ ಅತಿಥಿ ಸತ್ಕಾರ ಮುಗಿಯಿತು. ಡೊಳ್ಳು ಹಲಗೆ ಕೇಳಿದರೆ ಹೊಲಕ್ಕೆ ಓಡುತ್ತಿದ್ದ. ಅಂಗಿ ಒಂದೇ ಬಣ್ಣದ್ದಾಗಬೇಕು. ಹುಚ್ಚನಲ್ಲ, ಮೂಕನಲ್ಲ ಎಂಬುದು ಊರಿಗೆ ಗೊತ್ತಿತ್ತು, ಏನು ಎಂಬುದು ಗೊತ್ತಿರಲಿಲ್ಲ. ಆಯಿ ಒಂದೇ ಮಾತು ಹೇಳುತ್ತಿದ್ದಳು: “ಅವ ಬ್ಯಾರೆ ಅದಾನ.”

ನಾನು ಕೊಪ್ಪಳದ ಕಾಲೇಜಿಗೆ ಬಿ.ಎಸ್ಸಿ.ಗೆ ಸೇರಿದಾಗ ಬೆಳಿಗ್ಗೆ ಆರೂ ಹತ್ತರ ಬಸ್ಸು ಹಿಡಿಯಬೇಕಿತ್ತು. ಮೂರು ವರ್ಷ ಒಂದು ದಿನವೂ ತಪ್ಪದೆ ಮಾವ ನನ್ನ ಜೊತೆ ರಸ್ತೆಗೆ ಬಂದು ನಿಂತ. ನನಗಾಗಿ ಬರುತ್ತಾನೆಂದು ನಾನು ತಿಳಿದಿರಲಿಲ್ಲ, ಬಸ್ಸಿಗಾಗಿ ಬರುತ್ತಾನೆಂದು ತಿಳಿದಿದ್ದೆ. ಒಮ್ಮೆ ನಾನು ಜ್ವರದಿಂದ ಮಲಗಿದ್ದ ದಿನ ಅವನು ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂದು ಆಯಿ ಕೇಳಿದರೆ, “ಇವತ್ತ ಈಕಿ ಹೋಗಂಗಿಲ್ಲಲಾ” ಎಂದನಂತೆ. ಇದು ನನಗೆ ಅರ್ಥವಾಗಲು ಅವನು ಸಾಯಬೇಕಾಯಿತು. ನನ್ನ ಡಿಗ್ರಿ ಕಷ್ಟದಿಂದ ಪಡೆದದ್ದು, ಅದರ ಬಗ್ಗೆ ನನಗೆ ಹೆಮ್ಮೆ ಇದೆ, ಆ ಹೆಮ್ಮೆಯನ್ನು ಇಂದಿಗೂ ಬಿಟ್ಟಿಲ್ಲ. ಆದರೆ ಅದನ್ನು ಒಬ್ಬಳೇ ಪಡೆದೆ ಎಂದು ಹೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ.

ಅವ್ವನ ತವರೂರ ಸುತ್ತ ಆಗ ಕಂಪನಿಯವರಿಗೆ ಬೀಜ ಬೆಳೆದು ಕೊಡುವ ಕೆಲಸ ಸುರುವಾಗಿತ್ತು. ಟೊಮ್ಯಾಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದರಲ್ಲೇ ಇರುತ್ತವೆ. ಸಂಜೆ ಹೊತ್ತು, ಇನ್ನೂ ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಗಂಡು ಭಾಗವನ್ನು ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಪುಡಿ ಇಟ್ಟುಕೊಳ್ಳಲು ಬೆರಳಿಗೊಂದು ಪ್ಲಾಸ್ಟಿಕ್ ಉಂಗುರ, ಹರಳಿನ ಜಾಗದಲ್ಲಿ ಪುಟ್ಟ ಬಟ್ಟಲು. ಇದಕ್ಕೆ ಊರಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು ‘ಕ್ರಾಸಿಂಗ್’. ಅಕ್ಷರ ಬಾರದ ಹೆಂಗಸರು ಕೂಡ “ಕ್ರಾಸಿಂಗಿಗೆ ಹೊಂಟೀನಿ” ಎಂದೇ ಹೋಗುತ್ತಿದ್ದರು. ತಳಿ ಯಾವುದರಿಂದ ಯಾವುದಕ್ಕೆ ಇಳಿಯುತ್ತದೆ ಎಂಬುದನ್ನು ನಾನು ಕಾಲೇಜಿನಲ್ಲಿ ಓದಿದೆ, ಅವರು ಬೆರಳಿನಲ್ಲಿ ಮಾಡಿದರು.

ಮಾವನ ಕೆಲಸ ಬೇರೆ. ಸಾವಿರ ಗಿಡದ ಸಾಲಿನಲ್ಲಿ ಎಲ್ಲೋ ಒಂದು ಬೆರಕೆ ಗಿಡ ಇರುತ್ತದೆ, ಹೂ ಬಿಡುವ ಮೊದಲು ಅದನ್ನು ಕಿತ್ತು ಒಗೆಯಬೇಕು. ಅವನು ಹೊಲದಂಚಿನ ಒಡ್ಡಿನ ಮೇಲೆ ನಿಂತೇ ಬೆರಳು ಮಾಡುತ್ತಿದ್ದ. ಕಂಪನಿಯ ಸೂಪರ್‌ವೈಸರ್ ಹತ್ತಿರ ಹೋಗಿ ಬಗ್ಗಿ ನೋಡಿ, “ನಮ್ಮ ಸಾಹೇಬ್ರು ಕಾಗದ ನೋಡಿ ಹೇಳ್ತಾರಪಾ, ಈತ ಗಾಳಿ ನೋಡಿ ಹೇಳ್ತಾನ” ಎನ್ನುತ್ತಿದ್ದ. ಸಂಜೆ ಮನೆಗೆ ಬಂದರೆ ಮಾವನ ಕೈಗೆಲ್ಲ ಆ ಎಲೆಯ ವಾಸನೆ. ರೊಟ್ಟಿ ಮುರಿಯುವಾಗಲೂ ಅದೇ.

ಆ ಹೊಲದಲ್ಲಿ ಶರಣವ್ವ ಎಂಬಾಕೆ ಕ್ರಾಸಿಂಗ್ ಮಾಡುತ್ತಿದ್ದಳು. ಇಪ್ಪತ್ತಾರರ ಹರೆಯ, ಗಂಡ ಸತ್ತು ನಾಲ್ಕು ವರ್ಷವಾಗಿತ್ತು. ಗಂಡ ಹೋದಾಕೆಗೆ ನಮ್ಮಲ್ಲಿ ಎರಡನೆಯ ಸಲ ಮಾಡುವ ಲಗ್ನಕ್ಕೆ ಉಡಿಕೆ ಎನ್ನುತ್ತಾರೆ. ಆಕೆ ತನ್ನ ಅಣ್ಣನಿಗೆ ತಾನೇ ಹೇಳಿದಳಂತೆ, ಉಡಿಕೆಯಾದರೆ ಹುಲಗಪ್ಪನ ಜೊತೆ ಆಗುತ್ತೇನೆ ಎಂದು. ಹೆಂಗಸರು ಸುಮ್ಮನಿರುತ್ತಾರೆಯೇ? “ಏ ಶರಣೀ, ಅವ ನಿನ್ನ ಮಾರಿನ ನೋಡಿಲ್ಲಲ್ಲೇ!” ಎಂದರು. ಆಕೆ ಹೂವಿನಿಂದ ಕಣ್ಣೆತ್ತದೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ: “ನೋಡಿದಾವ ಏನ ಕಡದ? ಈತ ಇದ್ದದ್ದ ಇದ್ದಂಗ ಹೇಳ್ತಾನ. ಸುಳ್ಳ ಹೇಳಾವನ ಕೂಡ ಒಮ್ಮಿ ಬಾಳೇ ಮಾಡೀನಿ, ಸಾಕಾಗೇತಿ.”

ಆಕೆಯ ಅಣ್ಣ ಮಾತಾಡಲು ಮನೆಗೆ ಬಂದ. ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ನನ್ನ ಬಿ.ಎಸ್ಸಿ. ಫಲಿತಾಂಶ ಬಂದು ಹದಿನೈದು ದಿನವಾಗಿತ್ತು, ದೊಡ್ಡಮಾವ ಊರಿಗೆಲ್ಲ ಫೇಡೆ ಹಂಚಿದ್ದ. ಮಾತು ಎಲ್ಲ ಮುಗಿದು ಎಲೆ ಅಡಿಕೆಗೆ ಬಂದಾಗ ಆ ಅಣ್ಣ ತಡವರಿಸುತ್ತ ಕೇಳಿದ: “ಒಂದ ಸಂಶೆ ಐತ್ರಿ. ಹುಲಗಪ್ಪಗ ಹುಟ್ಟಿದ ಹುಡ್ರೂ ಹಿಂಗ ಆದ್ರ?”

ದೊಡ್ಡಮಾವ ಎದೆ ಉಬ್ಬಿಸಿ ನನ್ನ ಕಡೆ ತಿರುಗಿದ. “ನಮ್ಮ ಮನ್ಯಾಗ ಸೈನ್ಸ್ ಓದಿದಾಕಿ ಅದಾಳ. ಆಕಿನ್ನ ಕೇಳೂಣು. ಹೇಳವ್ವಾ.”

ಹೇಳವ್ವಾ ಎಂದರೆ ಸಾಕಿತ್ತು. ಎರಡೂ ಮನೆತನದಲ್ಲಿ ಮೊದಲ ಡಿಗ್ರಿ, ಮೊದಲ ಸಲ ಗಂಡಸರ ಪಂಚಾಯತಿಯಲ್ಲಿ ನನಗೆ ಪ್ರಶ್ನೆ. ಒಲೆಯಿಂದ ಇದ್ದಿಲು ತಂದು ನೆಲದ ಮೇಲೆ ಚೌಕ ಎಳೆದೆ. ಬಟಾಣಿ ಗಿಡ, ಎತ್ತರದ್ದು, ಗಿಡ್ಡದ್ದು, ದೊಡ್ಡ ಅಕ್ಷರ, ಸಣ್ಣ ಅಕ್ಷರ. ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ತಂದುಕೊಟ್ಟ ಚೌಕ ಅದು. ಮನುಷ್ಯನಿಗೆ, ಅದೂ ಮಾವನಂಥವನಿಗೆ, ಆ ಲೆಕ್ಕ ಕೂರುತ್ತದೆಯೇ ಎಂದು ನಾನು ನನ್ನನ್ನೇ ಕೇಳಿಕೊಳ್ಳಲಿಲ್ಲ. “ನಾಕರಾಗ ಒಂದು ಆಗತೈತ್ರಿ” ಎಂದೆ.

ಶರಣವ್ವನ ಅಣ್ಣನಿಗೆ ಚೌಕ ತಿಳಿಯಲಿಲ್ಲ. ನಾಕರಾಗ ಒಂದು ತಿಳಿಯಿತು. ಎಲೆ ಅಡಿಕೆ ಹಾಗೇ ಉಳಿಯಿತು.

ಇಲ್ಲಿಯವರೆಗೆ ಹೇಳಿದ್ದನ್ನು ಅಹಂಕಾರ ಎನ್ನಬಹುದು, ಚಿಕ್ಕ ವಯಸ್ಸು ಎಂದು ಕ್ಷಮಿಸಲೂಬಹುದು. ಆದರೆ ಇನ್ನೊಂದಿದೆ, ಅದನ್ನು ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ನಮ್ಮ ಕಡೆ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ಬಸ್ಸಿಗೆ ನಿಂತಾಗ ಊರ ಹೆಂಗಸರು ಚೇಷ್ಟೆ ಮಾಡುತ್ತಿದ್ದರು, “ಎಷ್ಟ ಓದ್ತೀ ಬಿಡ ತಂಗಿ, ನಿಮ್ಮ ಮಾವಗ ಬಸ್ಸಿನ ಟೈಮ್ ಗೊತ್ತಿದ್ರ ಸಾಕು, ಇಬ್ರೂ ಕೂಡಿ ಡಿಪೋ ತಗೀರಿ” ಎಂದು. ಆಯಿ ಅದಕ್ಕೆ ನಗುತ್ತಿರಲಿಲ್ಲ, ನನ್ನನ್ನು ಒಂಥರ ನೋಡುತ್ತಿದ್ದಳು. ಮಾವ ಲಗ್ನಕ್ಕೆ ತಕ್ಕವನು ಎಂದು ಒಮ್ಮೆ ಊರು ಒಪ್ಪಿಬಿಟ್ಟರೆ, ಶರಣವ್ವನ ಮಾತು ಯಾವ ಕಾರಣಕ್ಕಾದರೂ ಮುರಿದುಬಿದ್ದರೆ ಸರದಿ ನನ್ನದೇ. ಆ ಚೌಕ ಎಳೆಯುವಾಗ ನನಗೆ ಆ ಹೆದರಿಕೆ ಇತ್ತು. ಮಾವನ ಬಾಗಿಲು ಪೂರ್ತಿ ಮುಚ್ಚಿದರೆ ನನ್ನದು ತೆರೆಯುತ್ತದೆ. ಬಟಾಣಿ ಗಿಡದ ಹೆಸರಲ್ಲಿ ನಾನು ನನ್ನ ದಾರಿ ನೋಡಿಕೊಂಡೆ.

ಮಾವನಿಗೆ ಯಾರೂ ಏನೂ ಹೇಳಲಿಲ್ಲ. ಎರಡು ದಿನದ ಮೇಲೆ ನಾನು ಅಂಗಳ ಗುಡಿಸುವಾಗ ಬಂದು ಪೊರಕೆಯನ್ನು ನೋಡುತ್ತ ಕೇಳಿದ.

“ನಂದು ಲಗ್ನ ಇಲ್ಲಂತ?”

“ಇಲ್ಲ ಮಾವ.”

“ಹಂಗಾರ ಶರಣವ್ವಗ ಹೇಳ್ರಿ. ಆಕಿ ಕಾಯ್ತಾಳ.”

ಇಷ್ಟೇ. ಯಾಕೆ ಇಲ್ಲ ಎಂದೂ ಕೇಳಲಿಲ್ಲ. ಅವನ ಮುಖದಲ್ಲಿ ಏನೂ ಕಾಣಲಿಲ್ಲ, ಹಾಗಾಗಿ ಅವನಿಗೆ ಏನೂ ಆಗಿಲ್ಲ ಎಂದುಕೊಂಡೆ. ಮುಖ ಓದಲು ಬಾರದವನು ಅವನು ಎಂದು ನಾವೆಲ್ಲ ಹೇಳುತ್ತಿದ್ದೆವು.

ಶರಣವ್ವನನ್ನು ಯಲಬುರ್ಗಾದ ಕಡೆ, ಬೆಳೆದ ಮಕ್ಕಳಿದ್ದವನಿಗೆ ಕೊಟ್ಟರು. ನನ್ನ ಮಾತು ಮಾತ್ರ ಊರಲ್ಲೇ ಉಳಿಯಿತು. ಸಾಲಿ ಹುಡುಗರು ಮಾವ ಹೊಲಕ್ಕೆ ಹೋಗುವಾಗ “ನಾಕರಾಗ ಒಂದ್ ಬಂತು, ನಾಕರಾಗ ಒಂದ್ ಬಂತು” ಎಂದು ಕೂಗುತ್ತಿದ್ದರು. ಅವನು ನಿಂತು ಆ ಹುಡುಗರನ್ನು ಎಣಿಸಿ, “ನೀವು ಐದು ಮಂದಿ ಅದೀರಿ” ಎನ್ನುತ್ತಿದ್ದ.

ನಾನು ಬಿ.ಎಡ್. ಮಾಡಿದೆ, ನೌಕರಿ ಹಿಡಿದೆ, ಹೊರಗಿನ ಸಂಬಂಧದಲ್ಲಿ ಲಗ್ನವಾದೆ. ಆ ಲಗ್ನಕ್ಕೆ ಯಾರೂ ಇದ್ದಿಲು ಹಿಡಿದು ಚೌಕ ಎಳೆಯಲಿಲ್ಲ. ನನ್ನ ಹೊಟ್ಟೆಯಲ್ಲಿ ಪವಿ ಹುಟ್ಟಿದಳು.

ಹುಬ್ಬಳ್ಳಿಯ ಡಾಕ್ಟರು, “ನಿಮ್ಮ ಮನೆತನದಾಗ ಯಾರಾದ್ರೂ ಹಿಂಗ ಇದ್ರೇನ್ರಿ?” ಎಂದು ಕೇಳಿದರು. “ಇಲ್ರಿ” ಎಂದೆ. ಪಕ್ಕದಲ್ಲಿ ಕೂತ ನನ್ನ ಗಂಡ ನನ್ನ ಕಡೆ ತಿರುಗಿ ನೋಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಎಣಿಸತೊಡಗಿದೆ. ಹುಲಗಪ್ಪಮಾವ. ಚಮಚೆಗಳ ಬಾಯಿ ಒಂದೇ ಕಡೆ ಇಲ್ಲದಿದ್ದರೆ ಊಟಕ್ಕೆ ಏಳದ ನನ್ನ ಅವ್ವ. ಜಾತ್ರೆ ಎಂದರೆ ತಲೆನೋವು ಬರುವ ಆಯಿ. ಡಸ್ಟರನ್ನು ಯಾರಾದರೂ ಆ ಕಡೆ ಇಟ್ಟರೆ ಪಾಠ ನಿಲ್ಲಿಸಿ ಈ ಕಡೆ ಇಡುವ ಒಬ್ಬ ಸೈನ್ಸ್ ಟೀಚರ್. ಎಲ್ಲರಿಗೂ ಆಟಿಸಂ ಎಂದು ನಾನು ಹೇಳುತ್ತಿಲ್ಲ, ಆ ತಪ್ಪು ಒಮ್ಮೆ ಮಾಡಿದ್ದು ಸಾಕು. ಆದರೆ ಇದು ಒಂದು ಗಿಡ ಕಿತ್ತರೆ ಹೋಗುವ ಬೆರಕೆ ಆಗಿರಲಿಲ್ಲ, ಸಾಲಿಗೆಲ್ಲ ಸ್ವಲ್ಪ ಸ್ವಲ್ಪ ಹಂಚಿಹೋಗಿತ್ತು. ಆಮೇಲೆ ಓದಿ ತಿಳಿದೆ: ಇದು ರಕ್ತದಲ್ಲಿ ಬರುತ್ತದೆ ಎನ್ನುವುದು ನಿಜ, ಆದರೆ ಒಂದೇ ಜೀನಿನಿಂದಲ್ಲ, ಎಷ್ಟೋ ಸಣ್ಣ ಸಣ್ಣವು ಸೇರಿ. ಯಾರಿಗೆ ಹುಟ್ಟುವ ಯಾವ ಕೂಸು ಹೇಗಿರುತ್ತದೆ ಎಂದು ನೆಲದ ಮೇಲೆ ಬರೆದು ತೋರಿಸಲು ಯಾರಿಂದಲೂ ಆಗದು. ಮಾವನನ್ನು ಒಂಟಿ ಮಾಡಿ ನಾವು ತಡೆದದ್ದು ಏನನ್ನು?

ಪವಿಯನ್ನು ಬೆಳೆಸುವುದು ಹೂವೆತ್ತಿದಷ್ಟು ಹಗುರ ಎಂದರೆ ನೀವೇ ನಂಬುವುದಿಲ್ಲ. ಎರಡು ಶಾಲೆ ಬದಲಾಯಿಸಿದೆವು. ಒಂದು ಕಡೆ ಅವಳನ್ನು ಹಿಂದಿನ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿದ್ದರು. ತಲೆಯನ್ನು ನೆಲಕ್ಕೆ ಬಡಿದುಕೊಳ್ಳುತ್ತಿದ್ದ ದಿನಗಳಲ್ಲಿ ನನ್ನ ಅಂಗೈಯನ್ನು ನೆಲಕ್ಕೂ ಅವಳ ಹಣೆಗೂ ನಡುವೆ ಇಟ್ಟು ಕೂರುತ್ತಿದ್ದೆ. ನಾವು ಸತ್ತ ಮೇಲೆ ಇವಳ ಗತಿ ಏನು ಎಂದು ನನ್ನ ಗಂಡ ಮುನಿರಾಬಾದಿನ ಡ್ಯಾಮಿನ ಗೋಡೆಯ ಬಳಿ ನಿಂತು ಒಮ್ಮೆ ಅತ್ತದ್ದನ್ನು ನಾನು ನೋಡಿಯೂ ನೋಡದಂತೆ ಇದ್ದೆ. ಹಾಗಾಗಿ ಮಂಜುನಾಥನ ತಾಯಿಯ ಹೆದರಿಕೆ ನನಗೆ ಹೊಸದಲ್ಲ, ಅದರ ಮನೆಯಲ್ಲೇ ನಾನು ವಾಸ ಮಾಡಿದ್ದೇನೆ.

ಪವಿಗೆ ಆರು ವರ್ಷವಿದ್ದಾಗ ಒಂದು ಹುಣ್ಣಿಮೆಗೆ ಹುಲಿಗೆಮ್ಮನ ಊರು ಹುಲಿಗಿಗೆ ಹೋಗಿದ್ದೆವು. ಮಂದಿಯೋ ಮಂದಿ. ಪವಿ ಎರಡೂ ಕಿವಿ ಮುಚ್ಚಿಕೊಂಡು ಹೊಳೆಯ ಮೆಟ್ಟಿಲ ಮೇಲೆ ಕುಕ್ಕರಿಸಿ, ಜನರ ಚಪ್ಪಲಿಗಳನ್ನು ಬಣ್ಣದ ಪ್ರಕಾರ ಸಾಲಾಗಿ ಇಡತೊಡಗಿದಳು. ಚಪ್ಪಲಿ ಕಳೆದುಕೊಂಡವರೆಲ್ಲ ನನ್ನನ್ನು ಬೈಯುತ್ತಿದ್ದರು. ಆಗ ಒಬ್ಬಾಕೆ ಬಂದು ಪವಿಯ ಪಕ್ಕದಲ್ಲಿ ಕೂತಳು. ಕೂದಲು ನರೆತಿತ್ತು, ಆದರೂ ಗುರುತು ಹಿಡಿದೆ. ಶರಣವ್ವ.

ಆಕೆ ಒಂದು ಚಪ್ಪಲಿ ಎತ್ತಿ, ಸರಿಯಾದ ಸಾಲಿನಲ್ಲಿಟ್ಟಳು. ಪವಿ ಸುಮ್ಮನೆ ಇನ್ನೊಂದು ಕೊಟ್ಟಳು. ಹೀಗೆ ಎಷ್ಟೋ ಹೊತ್ತು. ಆಮೇಲೆ ಆಕೆ ನನ್ನನ್ನು ನೋಡಿದಳು. ಅವಳ ಮುಖವೆಲ್ಲ ಅರಳಿತ್ತು.

“ಥೇಟ ಹುಲಗಪ್ಪ ಅದಾಳಲ್ಲೇ!”

ನನ್ನ ಮಗಳ ಬಗ್ಗೆ ಆ ಮಾತನ್ನು ಹಬ್ಬದ ಸುದ್ದಿಯ ಹಾಗೆ ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. “ನಿನಗೆಷ್ಟು ಮಕ್ಕಳವ್ವಾ?” ಎಂದೆ.

“ನನಗೆಲ್ಲಿ ಮಕ್ಕಳು? ಇದ್ದ ಮಕ್ಕಳಿಗೆ ಕುದಿಸಿ ಹಾಕಾಕ ಕರಕೊಂಡ ಹೋಗಿದ್ರು.” ಪವಿಯ ಜಡೆ ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು. ಮುಟ್ಟಬಾರದೆಂದು ಅವಳಿಗೆ ಯಾರು ಹೇಳಿಕೊಟ್ಟರೋ. “ಇಂಥಾಕಿ ಒಬ್ಬಾಕಿ ಹುಟ್ಟಿದ್ರ ಸಾಕಿತ್ತ ನೋಡು. ಸಂಭಾಳಸ್ತಿದ್ದೆ. ನಾಕಕ್ಕ ನಾಕೂ ಹುಟ್ಟಿದ್ರೂ ಸಂಭಾಳಸ್ತಿದ್ದೆ.”

ಅವಳು ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುವಾರವೇ ಪವಿಯನ್ನು ಕರೆದುಕೊಂಡು ಮಾವನ ಊರಿಗೆ ಹೋದೆ. “ಯಾವ ಬಸ್ಸಿಗೆ ಬಂದ್ರಿ?” ಎಂದ ಮಾವ. ನಾನು ಬಾಯಿ ತೆರೆಯುವ ಮೊದಲೇ ಪವಿ ಬಸ್ಸಿನ ನಂಬರನ್ನು ಪೂರ್ತಿ ಹೇಳಿದಳು. ಮಾವ ಆ ದಿನ ಮೊದಲ ಸಲ ಬಗ್ಗಿ ಒಬ್ಬರ ಮುಖ ನೋಡಿದ. ಇಬ್ಬರೂ ಸಂಜೆಯವರೆಗೆ ಒಡ್ಡಿನ ಮೇಲೆ ಕೂತಿದ್ದರು. ಎರಡು ಮೂರು ಮಾತಾಡಿರಬಹುದು. ಅವಳು ಆ ವರ್ಷ ಮೊದಲ ಸಲ ಒಂದು ಇಡೀ ದಿನ ಅಳಲಿಲ್ಲ. ಆಮೇಲೆ ಶಾಲೆಯ ಪ್ರತಿ ಸೂಟಿಗೂ ಹೋದೆವು. ಅವನಿಗೆ ಒಬ್ಬ ಮಗಳಿದ್ದಿದ್ದರೆ ಹೇಗಿರುತ್ತಿತ್ತು ಎಂಬುದನ್ನು ನಾನು ಐದು ವರ್ಷ, ಸೂಟಿ ಸೂಟಿಗೆ, ದೂರದಿಂದ ನೋಡಿದೆ. ಒಂದು ಮಳೆಗಾಲ ಕಾಮಾಲೆಯಾಗಿ ಹೋಗಿಬಿಟ್ಟ, ನಲವತ್ನಾಲ್ಕಕ್ಕೆ. ಕ್ಷಮಿಸು ಎಂದು ನಾನು ಹೇಳಲೇ ಇಲ್ಲ. ಹೇಳಿದ್ದರೆ, ಯಾವುದಕ್ಕೆ ಎಂದು ಕೇಳುತ್ತಿದ್ದ. ಅದನ್ನು ನೆನೆದರೆ ಈಗಲೂ ಅವನ ಆ ಸಪ್ಪೆ ದನಿ ಒಮ್ಮೆ ಕೇಳಬೇಕೆನಿಸುತ್ತದೆ. ಬಸ್ಸು ಏಳು ನಿಮಿಷ ತಡ ಎಂದಾದರೂ ಹೇಳಲಿ.

ಮಾರ್ಕೆಟ್ಟಿನಿಂದ ಬಂದ ಆ ಸಂಜೆ ಇದನ್ನೆಲ್ಲ ಪವಿಗೆ ಹೇಳಿದೆ. ಚೌಕ, ಇದ್ದಿಲು, ನನ್ನ ಹೆದರಿಕೆ, ಯಾವುದನ್ನೂ ಬಿಡಲಿಲ್ಲ. ಅವಳು ಟೊಮ್ಯಾಟೊಗಳನ್ನು ದಪ್ಪ ಸಣ್ಣ ನೋಡಿ ಜೋಡಿಸುತ್ತ ಕೇಳಿದಳು. ಬೇಸರವಾಯಿತೋ, ಸಿಟ್ಟು ಬಂತೋ ತಿಳಿಯಲಿಲ್ಲ.

“ಅಜ್ಜನ್ನ ಯಾರು ಕೇಳಿದ್ರು?” ಎಂದಳು ಕೊನೆಗೆ. ಅವನನ್ನು ಅವಳು ಅಜ್ಜ ಎನ್ನುತ್ತಿದ್ದಳು.

“ಏನು ಕೇಳೂದು?”

“ಮಕ್ಕಳು ಬೇಕೋ ಬ್ಯಾಡೋ ಅಂತ.”

“ಯಾರೂ ಕೇಳಲಿಲ್ಲವ್ವಾ.”

“ಶರಣವ್ವನ್ನ?”

“ಆಕಿನ್ನೂ ಇಲ್ಲ.”

“ಮತ್ತ ನಿನ್ನ ಯಾಕ ಕೇಳಿದ್ರು?” ಎಂದಳು. ಬೈಗುಳವಲ್ಲ ಅದು, ನಿಜವಾಗಿಯೂ ಅವಳಿಗೆ ಅರ್ಥವಾಗಿರಲಿಲ್ಲ. ನನಗೂ ಆಗಲಿಲ್ಲ.

ಬುಧವಾರ ಸಂಜೆ ಫೋನ್ ಬಂತು. ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳಿ, ಅದು ನಿಂತಿತು. “ಟೀಚರ್ರ, ತಪ್ಪ ತಿಳ್ಕೋಬ್ಯಾಡ್ರಿ” ಎಂದೇ ಆಕೆ ಸುರುಮಾಡಿದರು. ನಾನು ಹೇಳಿದೆ: “ತಪ್ಪೇನಿಲ್ರಿ. ಆಗಬಹುದು, ಆಗದೆಯೂ ಇರಬಹುದು. ಬ್ಯಾರೆದವರಿಗಿಂತ ನಮ್ಮ ಮನ್ಯಾಗ ಹೆಚ್ಚು ಆಗೂ ಸಂಭವ ಐತ್ರಿ, ಮುಚ್ಚಿಡಂಗಿಲ್ಲ. ನಮ್ಮ ಸೋದರಮಾವ ಒಬ್ಬಾಂವ ಹಿಂಗ ಇದ್ದ. ಇದಕ್ಕ ಮುಂದಿಂದು ನಾನು ಹೇಳೂ ಮಾತಲ್ರಿ. ಆಕಿನ್ನ ಕೇಳ್ರಿ.”

ಫೋನನ್ನು ಪವಿಯ ಮುಂದೆ ಹಿಡಿದೆ. ಅವಳು ಅದನ್ನು ಹಲ್ಲಿಯನ್ನು ನೋಡುವ ಹಾಗೆ ನೋಡಿದಳು. ಆಮೇಲೆ ತೆಗೆದುಕೊಂಡು, ಕಿವಿಗೆ ಹಚ್ಚದೆ, ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು.

“ನಮಸ್ಕಾರ್ರಿ. ನಾವಿಬ್ರೂ ಮಾತಾಡೀವಿ. ಒಂದು ಕೂಸು ಬೇಕ್ರಿ, ಈಗಲ್ಲ, ಮೂರು ವರ್ಷದ ಮ್ಯಾಲೆ. ನನ್ನಂಗ ಹುಟ್ಟಿದ್ರ ಏನು ಮಾಡಬೇಕಂತ ನನಗ ಗೊತ್ತೈತ್ರಿ. ನಿಮ್ಮಂಗ ಹುಟ್ಟಿದ್ರ ನನಗ ತಿಳಿಯಂಗಿಲ್ಲ. ಅದಕ್ಕ ನೀವು ಬಂದು ಕಲಿಸಬೇಕಾಗ್ತೈತಿ.”

ಪವಿ ತನ್ನ ಕೆಲಸ ಮುಗಿಯಿತೆಂದು ಎದ್ದುಹೋದಳು. ನಾನು ಹೆದರಿ ಫೋನ್ ಎತ್ತಿಕೊಂಡೆ.

“ಟೀಚರ್ರ,” ಎಂದರು ಆಕೆ. “ನನ್ನ ಇಷ್ಟ ನೆಟ್ಟಗ ಯಾರೂ ಮಾತಾಡಿಸಿಲ್ರಿ. ಐತವಾರ ಬರ್ತೀನಿ. ಆ ನಿಮ್ಮ ಮಾವ ಅಂದ್ರೆಲಾ, ಅವರ ಫೋಟೋ ಇದ್ರ ತಗದಿಡ್ರಿ. ನೋಡತೀನಿ, ಹೆಂಗಿದ್ರು ಅಂತ.”

“ಆಯ್ತ್ರಿ, ತಗದಿಡ್ತೀನಿ” ಎಂದು ಫೋನ್ ಇಟ್ಟೆ.

ಬಾಗಿಲಲ್ಲಿ ಪವಿ ನಿಂತಿದ್ದಳು. “ಅಜ್ಜಂದು ಫೋಟೋ ಎಲ್ಲೈತಿ? ಇಲ್ಲಲಾ. ಇಲ್ಲದ್ದಕ್ಕ ಹ್ಞೂಂ ಯಾಕಂದಿ?”

ನಿಜ. ಫ್ಲ್ಯಾಷ್ ಮಿಂಚಿದರೆ ಅವನಿಗಾಗುತ್ತಿರಲಿಲ್ಲ, ಯಾರೂ ತೆಗೆಸಲಿಲ್ಲ. ನನ್ನ ಲಗ್ನದ ಆಲ್ಬಮ್ಮಿನಲ್ಲಿ ನೂರಾ ಇಪ್ಪತ್ತು ಫೋಟೋ ಇವೆ, ಅವನು ಒಂದರಲ್ಲೂ ಇಲ್ಲ. ವಾಲಗದ ಸದ್ದಿಗೆ ಆ ದಿನವಿಡೀ ರಸ್ತೆಯಲ್ಲಿ ನಿಂತಿದ್ದ. ಅದೇ ಫೋನನ್ನು ಮತ್ತೆ ಎತ್ತಿ, ಅದೇ ನಂಬರು ಒತ್ತಿ, “ಫೋಟೋ ಇಲ್ರಿ, ತಪ್ಪ ಹೇಳಿದೆ. ಯಾರೂ ತಗಸಿಲ್ಲ” ಎಂದೆ.

“ಹೋಗ್ಲಿ ಬಿಡ್ರಿ. ಬಂದಾಗ ಬಾಯಿಲೆ ಹೇಳೀರಂತ.”

ಐತವಾರಕ್ಕೆ ಇನ್ನು ಎರಡು ದಿನ. ಈಗ ಉಣ್ಣಲು ಕೂತು ಅದನ್ನೇ ಯೋಚಿಸುತ್ತಿದ್ದೇನೆ, ಅವನ ಮುಖವನ್ನು ಹೇಗೆ ಹೇಳಲಿ ಎಂದು. ಮೂಗು ಆಯಿಯದು, ಸ್ವಲ್ಪ ಮೊಂಡು. ಹಣೆ ಇಷ್ಟೇ ಇಷ್ಟು. ಹುಬ್ಬು ನಡುವೆ ಕೂಡಿದ್ದವು. ಕಿವಿ ಹೇಗಿದ್ದವೋ ನೆನಪಾಗಲಿಲ್ಲ. ತಲೆ ಎತ್ತಿದೆ. ಅಂಚು ಮುಕ್ಕಾದ ತಾಟಿನಾಚೆ, ಎದುರಿಗೇ ಇದ್ದವು. ತುದಿ ಕೊಂಚ ಹೊರಕ್ಕೆ ಚಾಚಿ, ದೀಪದ ಬೆಳಕಿಗೆ ಕೆಂಪಗೆ, ರೊಟ್ಟಿ ಅಗಿದಂತೆಲ್ಲ ಮೆಲ್ಲಗೆ ಅಲುಗುತ್ತ.